ನಿಲ್ಲಿಸಿದಲ್ಲಿ ನಿಲ್ಲುವ ಶೂ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಕೈಸೇರಿತು. ಮಗಳು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದಳು, ಅದೂ ಪಾಯಿಂಟ್ ಗಾರ್ಡ್ ಆಗಿ ಎಂದು ಓದಿ ತುಂಬಾ ಸಂತೋಷವಾಯಿತು. ಜೊತೆಗೆ ನಿಮ್ಮ ತಲೆಬಿಸಿಯೂ ಅರ್ಥವಾಯಿತು. ಅಂಗಡಿಯವರು ‘ಕಣಕಾಲು ಮುಚ್ಚುವಷ್ಟು ಎತ್ತರದ ಶೂ ತಗೊಳ್ಳಿ, ಕಾಲು ಉಳುಕೋದೇ ಇಲ್ಲ’ ಎನ್ನುತ್ತಾರೆ. ಕೋಚ್ ‘ಗಾರ್ಡ್‌ಗೆ ಗಿಡ್ಡನೆಯ ಹಗುರ ಶೂ ಸಾಕು’ ಎನ್ನುತ್ತಾರೆ. ಮಗಳಂತೂ ಅಮೆರಿಕದ ಆಟಗಾರ ಸ್ಟೀಫನ್ ಕರಿಯ ಹೆಸರಿನ ಶೂನೇ ಬೇಕೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಒಳ್ಳೆಯ ರನ್ನಿಂಗ್ ಶೂ ಇರುವಾಗ ಅದರಲ್ಲೇ ಆಡಬಾರದೇ ಎಂಬುದು ನಿಮ್ಮ ಪ್ರಶ್ನೆ. ನಾಲ್ಕಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಬೇಸರಪಡಬೇಡಿ.

ಶೂ ಆರಿಸುವ ಮೊದಲು ಗಾರ್ಡ್ ಮಾಡುವ ಕೆಲಸವೇನು ಎಂದು ನೋಡಬೇಕು. ಐವರ ತಂಡದಲ್ಲಿ ಎತ್ತರದ ಸೆಂಟರ್, ಫಾರ್ವರ್ಡ್‌ಗಳು ರಿಂಗಿನ ಕೆಳಗೆ ಮೈಗೆ ಮೈ ಒತ್ತಿ ನಿಂತು, ಮೇಲಕ್ಕೆ ಹಾರಿ, ದೊಪ್ಪೆಂದು ಇಳಿಯುವವರು. ಗಾರ್ಡ್ ಹಾಗಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ಆ ತುದಿಯಿಂದ ಈ ತುದಿಗೆ ಚೆಂಡು ತರಬೇಕು. ಓಡುತ್ತ ಓಡುತ್ತ ತಟ್ಟನೆ ನಿಲ್ಲಬೇಕು, ನಿಂತ ಮರುಗಳಿಗೆ ಬೇರೆ ದಿಕ್ಕಿಗೆ ಚಿಮ್ಮಬೇಕು. ಎದುರಾಳಿ ಗಾರ್ಡನ್ನು ತಡೆಯುವಾಗ ಮಂಡಿ ಬಗ್ಗಿಸಿಕೊಂಡು ಅಡ್ಡಡ್ಡ ಸರಿಯಬೇಕು. ಗಾರ್ಡ್‌ನ ಬಂಡವಾಳ ಬರಿಯ ವೇಗವಲ್ಲ, ವೇಗವನ್ನು ಬೇಕೆಂದಾಗ ಮುರಿಯುವ ಶಕ್ತಿ.

ಒಂದೇ ಒಂದು ಪಟ್ಟನ್ನು ನಿಧಾನವಾಗಿ ನೋಡಿ. ಮಗಳು ಬಲಗೈಯಲ್ಲಿ ಚೆಂಡು ಪುಟಿಸುತ್ತ ಮೂರು ಪಾಯಿಂಟಿನ ಗೆರೆಯ ಹತ್ತಿರ ಬರುತ್ತಾಳೆ. ಬಲಕ್ಕೆ ನುಗ್ಗುವವಳಂತೆ ಭುಜ ಬಾಗಿಸುತ್ತಾಳೆ. ಎದುರಿನವಳು ಅದನ್ನು ನಂಬಿ ಅತ್ತ ವಾಲುತ್ತಾಳೆ. ಅದೇ ಕ್ಷಣ ಮಗಳು ಬಲಗಾಲನ್ನು ಅಗಲಕ್ಕೆ ಊರಿ, ಚೆಂಡನ್ನು ಮೈಮುಂದೆ ಮಂಡಿಗಿಂತ ತಗ್ಗಿನಲ್ಲಿ ಎಡಗೈಗೆ ದಾಟಿಸಿ, ಎಡಕ್ಕೆ ಹಾರುತ್ತಾಳೆ. ಇದೇ ಕ್ರಾಸ್‌ಓವರ್. ಆ ಬಲಗಾಲು ಊರಿದ ಅರೆಗಳಿಗೆಯಲ್ಲಿ ಶೂ ಒಳಗೆ ಏನೇನು ನಡೆಯುತ್ತದೆ? ದೇಹದ ಭಾರವೆಲ್ಲ ಇನ್ನೂ ಬಲಕ್ಕೇ ಹೋಗುತ್ತಿರುತ್ತದೆ. ಮೊದಲು ಶೂ ತಳ ನೆಲವನ್ನು ಕಚ್ಚಿ ನಿಲ್ಲಬೇಕು. ತಳ ನಿಂತರೂ ಒಳಗಿನ ಪಾದ ನಿಂತಿರುವುದಿಲ್ಲ, ಅದು ಕಿರುಬೆರಳಿನ ಕಡೆಗೆ ಜಾರುತ್ತ ಶೂ ಗೋಡೆಯನ್ನು ಒತ್ತುತ್ತದೆ. ಆ ಗೋಡೆ ತಡೆಯಬೇಕು. ಅಡಿಯ ಮೆತ್ತೆ ಒಂದೇ ಪಕ್ಕಕ್ಕೆ ಕುಸಿಯಬಾರದು. ಕೊನೆಗೆ ಹೆಬ್ಬೆರಳಿನ ಬುಡದಿಂದ ಒತ್ತಿ ಎಡಕ್ಕೆ ಚಿಮ್ಮುವಾಗ ನೆಲ ಕಾಲಿಗೆ ತಿಳಿಯಬೇಕು. ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ಎದುರಿನವಳಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ, ಇಲ್ಲವೇ ಮಗಳ ಕಾಲು ಉಳುಕುತ್ತದೆ.

ಹಾಗಾಗಿ ಗಾರ್ಡ್ ಶೂ ಎಷ್ಟು ಎತ್ತರಕ್ಕೆ ಹಾರಿಸುತ್ತದೆ ಎಂದು ಕೇಳಬೇಡಿ, ಎಷ್ಟು ಚೆನ್ನಾಗಿ ನಿಲ್ಲಿಸುತ್ತದೆ ಎಂದು ಕೇಳಿ. ಸೈಕಲ್ಲಿಗೆ ಬ್ರೇಕ್ ಗಟ್ಟಿಯಿದ್ದರೆ ತಾನೇ ಇಳಿಜಾರಿನಲ್ಲಿ ಧೈರ್ಯವಾಗಿ ಬಿಡುವುದು? ಇದೂ ಹಾಗೆಯೇ. ನೋಡಬೇಕಾದ ಕ್ರಮ ಇಷ್ಟು: ಮೊದಲು ತಳದ ಹಿಡಿತ, ಆಮೇಲೆ ಪಾದವನ್ನು ಪಕ್ಕಕ್ಕೆ ಜಾರದಂತೆ ಹಿಡಿಯುವ ಕಟ್ಟು, ಆಮೇಲೆ ನೆಲದ ಅರಿವು, ಕೊನೆಗೆ ಮೆತ್ತೆ. ಬಣ್ಣ, ಹೆಸರು ಇವೆಲ್ಲ ಅದಾದ ಮೇಲೆ.

ಹಿಡಿತದಿಂದಲೇ ಶುರು ಮಾಡೋಣ. ಶೂ ತಿರುವಿ ತಳ ನೋಡಿ. ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಶೂ ತಳದಲ್ಲಿ ಮೀನಿನ ಮುಳ್ಳಿನ ಹಾಗೆ ಅಂಕುಡೊಂಕಾದ ಗೆರೆಗಳಿರುತ್ತವೆ. ಹೆರಿಂಗ್‌ಬೋನ್ ಎನ್ನುತ್ತಾರೆ. ಈ ವಿನ್ಯಾಸ ಹಳೆಯದು, ಆದರೂ ಹೊಸ ಹೊಸ ಶೂಗಳು ಅದಕ್ಕೇ ಮರಳಿ ಬರುತ್ತವೆ. ಕಾರಣ ಸರಳ: ಗೆರೆಗಳು ಎರಡು ಓರೆಗಳಲ್ಲಿ ಇರುವುದರಿಂದ ಕಾಲು ಮುಂದೆ, ಹಿಂದೆ, ಪಕ್ಕಕ್ಕೆ ಎತ್ತ ಜಾರಲು ಹೋದರೂ ಯಾವುದೋ ಒಂದು ಅಂಚು ಅಡ್ಡ ಬರುತ್ತದೆ. ಗೆರೆಗಳ ನಡುವಿನ ತೋಡು ಆಳವಾಗಿದ್ದರೆ ದೂಳು ಅದರೊಳಗೆ ಸೇರಿಕೊಂಡು ಅಂಚು ಸ್ವಚ್ಛವಾಗಿ ಉಳಿಯುತ್ತದೆ. ತೋಡು ಸವೆದು ನುಣುಪಾಯಿತೋ, ದೂಳು ರಬ್ಬರಿಗೂ ನೆಲಕ್ಕೂ ನಡುವೆ ಪದರವಾಗಿ ಕೂತು ಕಾಲು ಜಾರಿಸುತ್ತದೆ.

ನಿಮ್ಮ ಮಗಳ ಹಟದ ವಿಷಯಕ್ಕೆ ಇಲ್ಲಿಯೇ ಬರುತ್ತೇನೆ. 2020ರ ಡಿಸೆಂಬರಿನಲ್ಲಿ ಅಂಡರ್ ಆರ್ಮರ್ ಕಂಪನಿ ‘ಕರಿ ಫ್ಲೋ 8’ ಎಂಬ ಶೂ ತಂದಿತು. ಅದರ ಅಡಿಯಲ್ಲಿ ರಬ್ಬರೇ ಇಲ್ಲ! ಫ್ಲೋ ಎಂಬ ಹೆಸರಿನ ಫೋಮನ್ನೇ ನೇರವಾಗಿ ನೆಲಕ್ಕೆ ತಾಗುವಂತೆ ಮಾಡಿದ್ದಾರೆ. ರಬ್ಬರಿನ ತೂಕ ಕಳೆಯಿತು, ಪಾದ ನೆಲಕ್ಕೆ ಹತ್ತಿರವಾಯಿತು, ಗುಡಿಸಿ ಒರೆಸಿದ ಮರದ ನೆಲದ ಮೇಲೆ ಆ ಫೋಮ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕರಿಯಂಥ ಗಾರ್ಡ್‌ಗೆ, ಓಡುತ್ತಲೇ ಗಕ್ಕನೆ ನಿಂತು ದೂರದಿಂದ ಚೆಂಡು ಎಸೆಯುವವನಿಗೆ, ಅದು ಹೇಳಿ ಮಾಡಿಸಿದ್ದು. ಆದರೆ ಅದೇ ಶೂ ನಮ್ಮ ಕಾಲೇಜುಗಳ ಸಿಮೆಂಟ್ ಅಂಕಣಕ್ಕೆ ಬಂದರೆ? ಒರಟು ಸಿಮೆಂಟು ಮೆತ್ತನೆಯ ಫೋಮನ್ನು ತುರಿದು ಹಾಕುತ್ತದೆ. ಹತ್ತು ಸಾವಿರ ದಾಟಿದ ಶೂ ತಳ ಸೀಸನ್ ಮುಗಿಯುವುದರೊಳಗೆ ಬೋಳಾಗುತ್ತದೆ. ಶೂ ಕೆಟ್ಟದ್ದೆಂದು ಇದರರ್ಥವಲ್ಲ. ಅದನ್ನು ಮಾಡಿದ್ದು ಒಳಾಂಗಣದ ಮೇಪಲ್ ಮರದ ನೆಲಕ್ಕೆ.

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡುವವರಿಗೆ ಆ ಭಾಗ್ಯವಿದೆ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದದ್ದು ಬೆಂಗಳೂರಿನಲ್ಲೇ, ಭಾರತದ ಹುಡುಗಿಯರು ಬಿ ಡಿವಿಷನ್ ಗೆದ್ದು ಮೇಲಿನ ಹಂತಕ್ಕೆ ಏರಿದ್ದೂ ಅಲ್ಲೇ. ಉಳಿದ ನಮ್ಮ ಶಾಲೆ ಕಾಲೇಜುಗಳಲ್ಲಿ ಎರಡು ಕಂಬ, ಸುಣ್ಣವೋ ಪೇಂಟೋ ಬಳಿದ ಗೆರೆ, ಬದಿಯಲ್ಲಿ ಕೆಮ್ಮಣ್ಣು, ಬಿಸಿಲಿಗೆ ಕಾದ ಸಿಮೆಂಟು. ಈ ನೆಲಕ್ಕೆ ಬೇಕಾದದ್ದು ಗಟ್ಟಿ ರಬ್ಬರು, ಆಳವಾದ ತೋಡು. ದೊಡ್ಡ ಕಂಪನಿಗಳು ಹೊರಾಂಗಣಕ್ಕೆಂದೇ ಹೆಚ್ಚು ಬಾಳುವ ರಬ್ಬರ್ ಹಾಕುವುದುಂಟು. ನೈಕಿಯ ಕೆಲವು ಶೂಗಳ ತಳದಲ್ಲಿ ‘ಎಕ್ಸ್‌ಡಿಆರ್’ ಎಂದು ಅಚ್ಚಾಗಿರುತ್ತದೆ, ಅದು ಈ ಗಟ್ಟಿ ರಬ್ಬರಿನ ಗುರುತು. ನಮ್ಮ ನಿವಿಯಾ, ಡೆಕಾತ್ಲಾನಿನ ತಾರ್ಮಾಕ್ ಶೂಗಳಲ್ಲೂ ಗಟ್ಟಿ ತಳದವು ಸಿಗುತ್ತವೆ, ಬೆಲೆಯೂ ಕೈಗೆಟಕುತ್ತದೆ. ಉಗುರಿನಿಂದ ರಬ್ಬರ್ ಒತ್ತಿ ನೋಡಿ. ಸುಲಭವಾಗಿ ಉಗುರಿನ ಗುರುತು ಬಿದ್ದರೆ ಅದು ಸಿಮೆಂಟಿಗೆ ಬಾಳುವುದಿಲ್ಲ.

ಎರಡನೆಯದು ಕಟ್ಟು. ಹಿಡಿತ ಹೆಚ್ಚಾದಷ್ಟೂ ಶೂ ಮೇಲಿನ ಹೊರೆಯೂ ಹೆಚ್ಚು, ತಳ ನಿಂತಾಗ ದೇಹದ ವೇಗವನ್ನೆಲ್ಲ ಮೇಲಿನ ಬಟ್ಟೆ, ಹೊಲಿಗೆ, ಅಂಟು ಹೊರಬೇಕು. ಆ ಹೊರೆ ಎಷ್ಟೆಂದು ಜಗತ್ತು ನೋಡಿದ್ದು 2019ರ ಫೆಬ್ರುವರಿ 20ರಂದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜಾಯನ್ ವಿಲಿಯಮ್ಸನ್ ಆಟ ಶುರುವಾಗಿ ನಿಮಿಷವಾಗುವ ಮೊದಲೇ ದಿಕ್ಕು ಬದಲಿಸಲು ಎಡಗಾಲು ಊರಿದ. ಶೂ ತಳದಿಂದ ಕಿತ್ತು ಬಂದು ಪಾದವೇ ಹೊರಗೆ ಬಂತು, ಮಂಡಿ ಉಳುಕಿತು. ಆತ ಗಾರ್ಡ್ ಅಲ್ಲ, ಭಾರಿ ಮೈಕಟ್ಟಿನ ಫಾರ್ವರ್ಡ್. ಅಂಥ ಘಟನೆ ಅಪರೂಪವೂ ಹೌದು. ಆದರೆ ಪಕ್ಕಕ್ಕೆ ಬೀಳುವ ಒತ್ತಡ ಎಂಥದು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಅದಕ್ಕೇ ಒಳ್ಳೆಯ ಶೂಗಳಲ್ಲಿ ಕಿರುಬೆರಳಿನ ಬದಿಯ ತಳ ಒಂದಿಷ್ಟು ಹೊರಚಾಚಿರುತ್ತದೆ, ಪಾದ ಆ ಕಡೆ ಉರುಳದಂತೆ. ಮೆತ್ತೆಯ ಅಂಚು ಪಾದದ ಸುತ್ತ ಸ್ವಲ್ಪ ಮೇಲೆದ್ದು ತೊಟ್ಟಿಯಂತೆ ಹಿಡಿದಿರುತ್ತದೆ. ಹಿಮ್ಮಡಿಯ ಹಿಂದೆ ಒಂದು ಗಟ್ಟಿ ಬಟ್ಟಲು ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅದು ಬಗ್ಗಬಾರದು.

ಇಲ್ಲಿಯೇ ನಿಮ್ಮ ರನ್ನಿಂಗ್ ಶೂ ಪ್ರಶ್ನೆಗೂ ಉತ್ತರವಿದೆ. ರನ್ನಿಂಗ್ ಶೂ ಮಾಡುವವರು ಒಂದೇ ದಿಕ್ಕು ಯೋಚಿಸುತ್ತಾರೆ: ಮುಂದಕ್ಕೆ. ಎತ್ತರದ ಮೆತ್ತನೆಯ ಹಿಮ್ಮಡಿ, ಹಗುರವಾದ ಜಾಳು ಬಟ್ಟೆ. ರಸ್ತೆಯಲ್ಲಿ ಅದು ಸುಖ. ಅಂಕಣದಲ್ಲಿ ಅಡ್ಡಕ್ಕೆ ಕಾಲು ಊರಿದಾಗ ಪಾದ ಮೆತ್ತೆಯ ಅಂಚಿನಿಂದಾಚೆಗೆ ಜಾರುತ್ತದೆ, ಎತ್ತರದ ಮೆತ್ತೆ ಒಂದು ಕಡೆ ಕುಸಿದು ಕಣಕಾಲನ್ನು ಹೊರಳಿಸುತ್ತದೆ. ಶೂಟಿಂಗ್ ಅಭ್ಯಾಸಕ್ಕೆ ನಡೆದೀತು. ಆಟಕ್ಕೆ ಖಂಡಿತ ಬೇಡ. ಬಿಳಿ ಕ್ಯಾನ್ವಾಸ್ ಶೂ ಅಂತೂ ಬೇಡವೇ ಬೇಡ. ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಎಂಬ ಕ್ಯಾನ್ವಾಸ್ ಶೂ 1917ರಿಂದ ದಶಕಗಳ ಕಾಲ ಬ್ಯಾಸ್ಕೆಟ್‌ಬಾಲ್ ಅಂಕಣಗಳನ್ನು ಆಳಿದ್ದು ನಿಜ. ಆಗ ಇದ್ದದ್ದೇ ಅಷ್ಟು.

ಈಗ ಎತ್ತರದ ಪ್ರಶ್ನೆ, ಅಂಗಡಿಯವರು ಮತ್ತು ಕೋಚ್ ನಡುವಿನ ವ್ಯಾಜ್ಯ. ಇದರಲ್ಲಿ ಕೋಚ್ ಪರ ಸಾಕ್ಷಿ ಹೆಚ್ಚು. 1993ರಲ್ಲಿ ಅಮೆರಿಕದಲ್ಲಿ 622 ಮಂದಿ ಕಾಲೇಜು ಆಟಗಾರರಿಗೆ ಎತ್ತರದ ಶೂ, ಗಿಡ್ಡ ಶೂಗಳನ್ನು ಹಂಚಿ ಒಂದು ಸೀಸನ್ ನೋಡಿದರು. ಕಾಲು ಉಳುಕುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಕಣಕಾಲು ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ದೇಹದ ಭಾರವೆಲ್ಲ ಅದರ ಮೇಲೆ ಬಿದ್ದಾಗ ಮೆತ್ತನೆಯ ಬಟ್ಟೆಯ ಪಟ್ಟಿ ತಡೆಯುವುದೇನು?

ಗಾರ್ಡ್‌ಗಳ ಕಾಲಿಗೆ ಗಿಡ್ಡ ಶೂ ಬಂದದ್ದರ ಹಿಂದೆ ಇದ್ದವನು ಅಮೆರಿಕದ ಆಟಗಾರ ಕೋಬಿ ಬ್ರ್ಯಾಂಟ್. ಅಪ್ಪ ಇಟಲಿಯ ಲೀಗಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರಿಂದ ಕೋಬಿ ಬಾಲ್ಯ ಕಳೆದದ್ದು ಅಲ್ಲಿ, ಫುಟ್‌ಬಾಲ್ ನೋಡುತ್ತ, ಆಡುತ್ತ. ನಮಗಿಂತ ಜೋರಾಗಿ ದಿಕ್ಕು ಬದಲಿಸುವ ಫುಟ್‌ಬಾಲಿನವರೇ ಕಣಕಾಲು ಮುಚ್ಚದ ಶೂ ಹಾಕುವಾಗ ನಮಗೇಕೆ ಎತ್ತರದ್ದು ಎಂಬುದು ಅವನ ವಾದ. ನೈಕಿಯ ವಿನ್ಯಾಸಕಾರ ಎರಿಕ್ ಅವಾರ್ ಅದನ್ನು ಒಪ್ಪಿ ‘ಜೂಮ್ ಕೋಬಿ 4’ ಮಾಡಿದ. 2009ರಲ್ಲಿ ಅವನ ಲೇಕರ್ಸ್ ತಂಡ ಚಾಂಪಿಯನ್ ಆದಾಗ ಕೋಬಿಯ ಕಾಲಲ್ಲಿ ಇದ್ದದ್ದು ಅದೇ ಗಿಡ್ಡ ಶೂ. ಆಮೇಲೆ ಗಾರ್ಡ್‌ಗಳು ಗಿಡ್ಡ ಶೂ ಹಾಕುವುದು ಮಾಮೂಲಾಯಿತು.

ಹಾಗಾದರೆ ಕಾಲು ಉಳುಕದಂತೆ ಮಾಡುವುದು ಯಾವುದು? ಇದಕ್ಕೂ ಮಗಳ ಹೀರೋನೇ ಉದಾಹರಣೆ. ಕರಿಯ ಬಲಗಾಲಿನ ಕಣಕಾಲು ಮೇಲಿಂದ ಮೇಲೆ ಉಳುಕುತ್ತಿತ್ತು. 2011ರಲ್ಲಿ ಒಂದು, 2012ರಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ. 2011-12ರ ಸೀಸನ್ನಿನಲ್ಲಿ ಆತ ಆಡಿದ್ದು 26 ಪಂದ್ಯ ಮಾತ್ರ. ಇವನ ಕಥೆ ಮುಗಿಯಿತು ಎಂದವರಿದ್ದರು. ಅಲ್ಲಿಂದ ಆತನನ್ನು ಮೇಲೆತ್ತಿದ್ದು ಯಾವುದೇ ಮಾಂತ್ರಿಕ ಶೂ ಅಲ್ಲ. ತಂಡದ ವ್ಯಾಯಾಮ ತರಬೇತುದಾರ ಕೀಕೀ ಲೈಲ್ಸ್ ಆತನ ಸೊಂಟ, ತೊಡೆಗಳನ್ನು ಬಲಪಡಿಸಿದ. ದಿಕ್ಕು ಬದಲಿಸುವ ಹೊರೆ ಕಣಕಾಲಿನ ಮೇಲೆ ಬೀಳದೆ ಸೊಂಟಕ್ಕೆ ಹೋಗುವಂತೆ ಕಲಿಸಿದ. ಅದರ ಮೇಲೆ ಕರಿ ಕಣಕಾಲಿಗೆ ಬ್ರೇಸ್, ಅಂದರೆ ಬಿಗಿಯಾಗಿ ಹಿಡಿಯುವ ಕವಚ, ಕಟ್ಟಿ ಆಡತೊಡಗಿದ. 2015 ಮತ್ತು 2016ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅದೇ ಕಾಲುಗಳಿಗೆ ಬಂತು.

ಬ್ರೇಸ್ ಬಗ್ಗೆ ಗಟ್ಟಿ ಆಧಾರವೂ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ರೌಢಶಾಲೆಗಳ 1,460 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೇಸ್ ಕಟ್ಟುವ ಬ್ರೇಸ್ ಹಾಕಿದವರಲ್ಲಿ ಕಣಕಾಲಿನ ಗಾಯ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಆದ ಗಾಯದ ತೀವ್ರತೆ ಮಾತ್ರ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದ 2001ರ ಇನ್ನೊಂದು ಅಧ್ಯಯನದ ಪ್ರಕಾರ, ಹಿಂದೆ ಕಣಕಾಲಿಗೆ ಪೆಟ್ಟಾದವರಿಗೆ ಮತ್ತೆ ಆಗುವ ಸಂಭವ ಸುಮಾರು 5 ಪಟ್ಟು. ಆಟಕ್ಕೆ ಮೊದಲು ಸ್ನಾಯು ಸಡಿಲಿಸಿಕೊಳ್ಳದವರಿಗೆ 2.6 ಪಟ್ಟು. ಹಿಮ್ಮಡಿಯಲ್ಲಿ ಗಾಳಿಚೀಲವಿದ್ದ ಶೂ ಹಾಕಿದವರಿಗೆ 4.3 ಪಟ್ಟು. ಕೊನೆಯದು ಆ ಕಾಲದ ಶೂಗಳ ಮಾತು, ಇಂದಿನ ಎಲ್ಲಕ್ಕೂ ಹಾಗೇ ಅನ್ವಯಿಸಬೇಕಿಲ್ಲ. ಆದರೂ ಗಾಯಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಾರಿ ಇಳಿಯುವಾಗ ಆದವು ಎಂಬುದನ್ನು ನೆನಪಿಡಿ. ಇನ್ನೊಬ್ಬರ ಪಾದದ ಮೇಲೆ ಇಳಿದರೆ ಯಾವ ಶೂ ತಾನೇ ಕಾಪಾಡೀತು? ಮಗಳಿಗೆ ಹಿಂದೆ ಕಾಲು ಉಳುಕಿದ್ದರೆ ಗಿಡ್ಡ ಶೂ ಜೊತೆ ಬ್ರೇಸ್ ಕೊಡಿಸಿ. ಬ್ರೇಸ್ ಹಾಕಿಕೊಂಡೇ ಶೂ ಅಳತೆ ನೋಡಿ.

ಮೆತ್ತೆಯ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಮೆತ್ತಗಿರುವ ಶೂ ಮೊದಲ ಹೆಜ್ಜೆಗೇ ಮನಸ್ಸು ಗೆಲ್ಲುತ್ತದೆ. ಗಾರ್ಡ್‌ಗೆ ಅದು ಬಲೆ. ಮೆತ್ತೆ ದಪ್ಪವಾದಷ್ಟೂ ಪಾದ ನೆಲದಿಂದ ಮೇಲಾಗುತ್ತದೆ, ಹೊರಳಲು ಸುಲಭವಾಗುತ್ತದೆ. ಚಿಮ್ಮಲು ಹೋದಾಗ ಮೊದಲು ಮೆತ್ತೆ ಅದುಮಬೇಕು, ಆಮೇಲೆ ನೆಲ ಸಿಗುತ್ತದೆ. ಆ ತಡ ಗಾರ್ಡ್‌ಗೆ ದುಬಾರಿ. ಹಾಗೆಂದು ತೀರಾ ತೆಳ್ಳಗಿನದೂ ಬೇಡ. ಮರದ ನೆಲ ತಾನೂ ಒಂದಿಷ್ಟು ಬಗ್ಗಿ ಪೆಟ್ಟು ಹೀರುತ್ತದೆ, ಸಿಮೆಂಟು ಬಗ್ಗುವುದಿಲ್ಲ. ದಿನವೂ ಸಿಮೆಂಟಿನ ಮೇಲೆ ಆಡುವವಳ ಮಂಡಿ, ಹಿಮ್ಮಡಿಗಳಿಗೆ ಒಂದಿಷ್ಟು ರಕ್ಷಣೆ ಬೇಕು. ಹಿಮ್ಮಡಿಯ ಕೆಳಗೆ ಸಾಧಾರಣ ದಪ್ಪ, ಮುಂಗಾಲಿನ ಕೆಳಗೆ ತೆಳು ಮತ್ತು ಬಿಗಿ, ಇದು ಸರಿಯಾದ ಹದ.

ಹುಡುಗಿಯರ ಪಾದಕ್ಕೆ ಶೂ ಹುಡುಕುವ ಕಷ್ಟ ನನಗೂ ಗೊತ್ತು. ಅಮೆರಿಕದಲ್ಲೇ ಮಹಿಳಾ ಆಟಗಾರ್ತಿಯೊಬ್ಬರ ಹೆಸರಿನಲ್ಲಿ ಬ್ಯಾಸ್ಕೆಟ್‌ಬಾಲ್ ಶೂ ಬಂದದ್ದು ಮೊದಲ ಸಲ 1995ರಲ್ಲಿ, ಶೆರಿಲ್ ಸ್ವೂಪ್ಸ್ ಹೆಸರಿನ ‘ಏರ್ ಸ್ವೂಪ್ಸ್’. ಈಗ ಗಾಳಿ ತಿರುಗಿದೆ. ನ್ಯೂಯಾರ್ಕ್ ಲಿಬರ್ಟಿ ತಂಡದ ಗಾರ್ಡ್ ಸಬ್ರಿನಾ ಇಯೊನೆಸ್ಕು ಹೆಸರಿನ ‘ಸಬ್ರಿನಾ 1’ 2023ರಲ್ಲಿ ಬಂತು. ಗಿಡ್ಡ, ಹಗುರ, ಒಳ್ಳೆಯ ಹಿಡಿತ. ಎನ್‌ಬಿಎಯ ಗಂಡಸರೂ ಅದನ್ನು ಹಾಕಿಕೊಂಡು ಆಡಿದರು. ಮಗಳಿಗೆ ಹೀರೋಯಿನ್ ಒಬ್ಬಳನ್ನೂ ಪರಿಚಯಿಸಿದಂತಾಯಿತು! ಗಂಡು, ಹೆಣ್ಣು ಅಳತೆಗಳ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಕಾಗದದ ಮೇಲೆ ನಿಲ್ಲಿಸಿ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿ.

ಅಂಗಡಿಗೆ ಸಂಜೆ ಹೋಗಿ, ದಿನವಿಡೀ ನಡೆದು ಪಾದ ಸ್ವಲ್ಪ ಹಿಗ್ಗಿರುತ್ತದೆ. ಆಟಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಳ್ಳಲಿ. ಎರಡೂ ಕಾಲಿನ ಲೇಸ್ ಪೂರ್ತಿ ಬಿಗಿದು ಕಟ್ಟಲಿ. ಬೆರಳುಗಳ ಮುಂದೆ ಕಿರುಬೆರಳಿನ ಅಗಲದಷ್ಟು ಜಾಗ ಇರಲಿ, ಪಕ್ಕದಲ್ಲಿ ಜಾಗ ಬೇಡ, ಹಿಮ್ಮಡಿ ಮೇಲೇಳಬಾರದು. ಶೂವನ್ನು ಎರಡೂ ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ನಡುಭಾಗ ಸುಲಭವಾಗಿ ತಿರುಚಬಾರದು. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಮಡಚಿದರೆ ವಾಪಸ್ ಕೊಡಿ. ಆಮೇಲೆ ಮಗಳು ಅಂಗಡಿಯಲ್ಲೇ ಮಂಡಿ ಬಗ್ಗಿಸಿ ಅಡ್ಡಡ್ಡ ಸರಿದು, ಗಕ್ಕನೆ ನಿಂತು ನೋಡಲಿ. ನಿಂತಾಗ ಪಾದ ಶೂ ಒಳಗೆ ಜಾರಿ ಕಿರುಬೆರಳು ಗೋಡೆಗೆ ಬಡಿದರೆ ಆ ಶೂ ಅವಳದ್ದಲ್ಲ. ಅಂಗಡಿಯವರು ನಕ್ಕರೆ ನಗಲಿ ಬಿಡಿ.

ಕೊಂಡ ಶೂವನ್ನು ಆಟಕ್ಕೆ ಮಾತ್ರ ಇಡಲಿ. ಬಸ್ಸಿಗೆ, ಕಾಲೇಜಿಗೆ ಚಪ್ಪಲಿಯೇ ಸಾಕು, ರಸ್ತೆಯ ಜಲ್ಲಿ ಅಂಕಣಕ್ಕಿಂತ ಬೇಗ ತಳ ತಿನ್ನುತ್ತದೆ. ಆಟದ ನಡುವೆ ಒದ್ದೆ ಬಟ್ಟೆಯಿಂದ ತಳ ಒರೆಸಿಕೊಳ್ಳಲಿ. ಎನ್‌ಬಿಎ ಆಟಗಾರರು ಅಂಕಣಕ್ಕೆ ಇಳಿಯುವ ಮೊದಲು ಅಂಟಂಟಾದ ಹಾಸಿನ ಮೇಲೆ ಕಾಲು ಉಜ್ಜುವುದು ಇದಕ್ಕೇ. ಮುಂಗಾಲಿನ ಕೆಳಗಿನ ಗೆರೆಗಳು ಅಳಿಸಿದ ದಿನ, ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ, ಅದು ಗಾರ್ಡ್ ಶೂ ಅಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು ಇದು: ಕಾಲೇಜಿನ ಅಂಕಣ ಸಿಮೆಂಟಿನದಾದರೆ ಗಿಡ್ಡನೆಯ, ಗಟ್ಟಿ ರಬ್ಬರಿನ, ಆಳ ಗೆರೆಗಳ, ಸಾಧಾರಣ ಮೆತ್ತೆಯ ಶೂ ಕೊಡಿಸಿ. ಹೆಸರಿಗೆ ಕೊಡುವ ದುಡ್ಡು ಉಳಿದರೆ ಒಂದು ಜೊತೆ ಒಳ್ಳೆಯ ಬ್ರೇಸ್ ಬರುತ್ತದೆ. ಅಂತರ ಕಾಲೇಜು ಪಂದ್ಯಗಳು ಮರದ ನೆಲದಲ್ಲೇ ನಡೆಯುವ ದಿನ ಬಂದರೆ ಕರಿಯ ಶೂ ಬಗ್ಗೆ ಮತ್ತೆ ಮಾತಾಡೋಣ.

ಕಡೆಗೊಂದು ಕೋರಿಕೆ. ನೀವು ಪೋಷಕರ ಸಭೆಗೆ ಹೋಗುವವರು, ಪ್ರಾಂಶುಪಾಲರು ನಿಮ್ಮ ಮಾತು ಕೇಳುತ್ತಾರೆ. ತಂಡಕ್ಕೆ ಹೊಸ ಜರ್ಸಿ ಹೊಲಿಸುವ ಮೊದಲು ಅಂಕಣಕ್ಕೆ ಎರಡು ಉದ್ದ ಹಿಡಿಯ ಪೊರಕೆ ಕೊಡಿಸಿ, ಆಟಕ್ಕೆ ಮುಂಚೆ ದಿನವೂ ಗುಡಿಸುವ ಪದ್ಧತಿ ಹಾಕಿಸಿ. ದೂಳು ಕೂತ ನೆಲದ ಮೇಲೆ ಎಷ್ಟು ಸಾವಿರದ ಶೂ ಆದರೂ ಜಾರುತ್ತದೆ. ಗುಡಿಸಿದ ನೆಲ ಹತ್ತು ಹನ್ನೆರಡು ಹುಡುಗಿಯರ ಕಾಲನ್ನು ಒಟ್ಟಿಗೆ ಕಾಯುತ್ತದೆ.

ಇಂತಿ,
ನಿಮ್ಮ ವಿಶ್ವಾಸದ ಗೆಳೆಯ